ಡೊಂಬಿವಲಿಯಿಂದ ಕನ್ನಡ ಪಾಠ: 41 ಸಾವಿರ ಕಳೆದ ಮೇಲೆ ಸಿಕ್ಕ ದಾರಿ

ಫೋನಿನಲ್ಲೇ ಮಕ್ಕಳಿಗೆ ಕನ್ನಡ ಓದಲು ಕಲಿಸೋ ನನ್ನ ಕೋರ್ಸಿನ ನಾಲ್ಕನೇ ಬ್ಯಾಚ್ ಮೊನ್ನೆ ಮುಗಿಯಿತು. 31 ಮಕ್ಕಳು ಸೇರಿದ್ದರು, 26 ಮಂದಿ ಕೊನೆತನಕ ಉಳಿದರು. ಅವರಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಮಕ್ಕಳು ಈಗ ಮುಂಬಯಿಯ ಕನ್ನಡ ಪತ್ರಿಕೆ ‘ಕರ್ನಾಟಕ ಮಲ್ಲ’ದ ತಲೆಬರಹ ತಡವರಿಸದೆ ಓದುತ್ತಾರೆ. “ಎದುರಿಗೆ ಕೂರಿಸಿ ತಿದ್ದಿಸದೆ ಅಕ್ಷರ ಬರೋದುಂಟಾ ಟೀಚರ್?” ಅಂತ ನಮ್ಮ ಸಂಘದ ಹಿರಿಯರೊಬ್ಬರು ಶುರುವಿನಿಂದಲೂ ಕೇಳುತ್ತಿದ್ದರು. ಈ ಬರಹ ಸ್ವಲ್ಪ ಅವರಿಗಾಗಿಯೂ ಹೌದು.

ನನ್ನ ಕ್ಲಾಸಿನ ಮಕ್ಕಳೆಲ್ಲ ಮುಂಬಯಿ ಸುತ್ತಿನ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯವರು. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷು, ಜೊತೆಗೆ ಮರಾಠಿ, ಹಿಂದಿ. ಮಾತು ಬರುತ್ತೆ, ಅಕ್ಷರ ಬರೋಲ್ಲ. ಬೆಂಗಳೂರಿನ ಮಗು ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ನೋಡಿಯೇ ಅರ್ಧ ಅಕ್ಷರ ಕಲಿತುಬಿಡುತ್ತೆ. ಇಲ್ಲಿ ಮನೆಯಿಂದ ಹೊರಟು ಲೋಕಲ್ ರೈಲು ಹತ್ತಿ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ ತನಕ ಹೋದರೂ ಒಂದು ಕನ್ನಡ ಅಕ್ಷರ ಕಣ್ಣಿಗೆ ಬೀಳೋದು ಕಷ್ಟ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಒಂದೇ ಗತಿ.

ಮೊದಲನೇ ಬ್ಯಾಚು 2021ರ ಜೂನಿನಲ್ಲಿ. ಆಗ ಎಲ್ಲರ ಹಾಗೆ ನನಗೂ ಹುಚ್ಚು. ಒಳ್ಳೆ ವೆಬ್‌ಕ್ಯಾಮು, ಮುಖಕ್ಕೆ ಬೀಳೋ ದುಂಡನೆ ದೀಪ, ಎರಡೂ ಸೇರಿ ಹತ್ತಿರ ಹತ್ತಿರ 11 ಸಾವಿರ. ಕೋರ್ಸ್ ಇಡಲು ಒಂದು ಕಂಪನಿಯ ಆನ್‌ಲೈನ್ ಜಾಗಕ್ಕೆ ವರ್ಷದ ಬಾಡಿಗೆ 18 ಸಾವಿರ. ಅಕ್ಷರಗಳು ಕುಣಿಯೋ ಅನಿಮೇಷನ್ ಮಾಡಿಕೊಡಲು ಒಬ್ಬ ಹುಡುಗನಿಗೆ 12 ಸಾವಿರ. ಕೂಡಿಸಿದರೆ 41. ನಮ್ಮೆಜಮಾನರು ಈ ಸಂಖ್ಯೆಯನ್ನು ಇವತ್ತಿಗೂ ಮರೆತಿಲ್ಲ.

ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತಿನ ಕ್ಲಾಸು. ಮುಫತ್ ವಿಡಿಯೋ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗುತ್ತಿತ್ತು, ಮತ್ತೆ ಲಿಂಕ್ ಕಳಿಸಿದರೆ ಅರ್ಧ ಮಕ್ಕಳು ಆ ನೆಪದಲ್ಲೇ ಮಾಯ. ಇದ್ದವರೂ ಕ್ಯಾಮೆರಾ ಆಫ್ ಮಾಡಿ ದೋಸೆ ತಿನ್ನುತ್ತಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. 28ರಲ್ಲಿ ಕೊನೆಗೆ ಉಳಿದವರು ಐದು. ಆ ಐದರಲ್ಲಿ ಇಬ್ಬರಿಗೆ ಮೊದಲೇ ಓದಲು ಬರುತ್ತಿತ್ತು! ಸಂಕೋಚಕ್ಕೆ ಫೀ ವಾಪಸ್ ಕೊಟ್ಟೆ.

ಅನಿಮೇಷನ್ ಹುಡುಗನ ಕಥೆ ಬೇರೆಯೇ. ಅವನ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ‘ಅಕ್ಕ’ ಅಂತ ಹಾಕಿದರೆ ಒಂದು ಅರ್ಧ ಕ, ಪಕ್ಕದಲ್ಲಿ ಒಂದು ಪೂರ್ತಿ ಕ. ಅವನಿಗೆ ಕನ್ನಡ ಬರೋಲ್ಲ, ಅವನ ಕಣ್ಣಿಗೆ ಎಲ್ಲ ಸರಿ. ನಾನಾದರೂ ಏನು ಕಮ್ಮಿ? ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಅಪ್ಪ-ಅಮ್ಮಂದಿರ ಮೊಬೈಲಿಗೆ ಕಳಿಸಿದೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಸ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಎಲ್ಲ ಕೈಬರಹ.

ಎರಡನೇ ಬ್ಯಾಚಿಗೆ ವಾಟ್ಸಾಪ್‌ಗೆ ಇಳಿದೆ. ವಾರಕ್ಕೆ ಮೂರು ಪಾಠ, ಒಂದೊಂದೂ ಮೂರ್ನಾಲ್ಕು ನಿಮಿಷ. ನನ್ನ ಮುಖ ಇಲ್ಲ, ಬರೀ ಕೈ, ಹಾಳೆ, ಸ್ಕೆಚ್ ಪೆನ್ನು. ಪ್ಲಾಸ್ಟಿಕ್ ಸ್ಟೂಲಿನ ನಡುವೆ ಗಾಳಿಗೆ ಅಂತ ಒಂದು ತೂತು ಇರುತ್ತಲ್ಲ, ಅದರ ಮೇಲೆ ಕ್ಯಾಮೆರಾ ಕೂರುವ ಹಾಗೆ ಮೊಬೈಲ್ ಮಲಗಿಸಿ, ಸ್ಟೂಲಿನ ಕೆಳಗೆ ಹಾಳೆ ಇಟ್ಟು ಬರೆಯೋದು. ಸ್ಟ್ಯಾಂಡಿಗೆ ಖರ್ಚು ಸೊನ್ನೆ. ತೂತು ಚಿಕ್ಕದಾಗಿದ್ದರೆ ಚಾಕು ಕಾಯಿಸಿ ಸ್ವಲ್ಪ ದೊಡ್ಡದು ಮಾಡಿಕೊಳ್ಳಿ, ನಾನು ಹಾಗೇ ಮಾಡಿದ್ದು. ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸೀರೆ ಕಪಾಟಿನ ಬಾಗಿಲು ಎರಡೂ ತೆಗೆದು, ಸೀರೆಗಳ ನಡುವೆ ತಲೆ ತೂರಿಸಿ ಮಾತಾಡೋದು. ಸೀರೆ ಇದ್ದಷ್ಟೂ ಪ್ರತಿಧ್ವನಿ ಕಮ್ಮಿ. 800 ರೂಪಾಯಿಯ ಕಾಲರ್ ಮೈಕು ಸಾಕು. ಐದು ದಾಟಿದರೆ ಪಕ್ಕದ ಮನೆಯ ಕುಕ್ಕರು, ಸ್ಟೇಷನ್ ಕಡೆಯಿಂದ ಗಾಡಿಯ ಹಾರ್ನು, ಕೆಲಸ ಕೆಟ್ಟಿತು.

ಇಷ್ಟು ಮಾಡಿದರೂ ಎರಡನೇ ಬ್ಯಾಚು ನೆಗೆದುಬಿತ್ತು. ಮಕ್ಕಳು ಪಾಠ ಕೇಳುತ್ತಿದ್ದರು, ಅಷ್ಟೇ. ವಾಯ್ಸ್ ಮೆಸೇಜನ್ನು 2 ಪಟ್ಟು ವೇಗದಲ್ಲಿ ಓಡಿಸಿ “ಆಯ್ತು ಟೀಚರ್” ಅಂತ ಹೆಬ್ಬೆರಳು ಒತ್ತಿ ಆಟಕ್ಕೆ ಹೋಗುತ್ತಿದ್ದರು. ಆ ಸಲ ಪುಕ್ಕಟೆ ಬೇರೆ, ಯಾರಿಗೂ ಕಳಕೊಳ್ಳೋದು ಏನೂ ಇರಲಿಲ್ಲ.

ಮೂರನೇ ಬ್ಯಾಚಿನಲ್ಲಿ ಒಂದು ಹುಡುಗಿ, ಎಂಟು ವರ್ಷ ಇರಬೇಕು, ನನಗೆ ಕಳಿಸಬೇಕಾದ ಓದನ್ನು, ಅಂದರೆ ತಾನು ಓದಿದ ವಾಯ್ಸ್ ಮೆಸೇಜನ್ನು, ತಪ್ಪಿ ಕುಂದಾಪುರದ ಕಡೆಯ ಅಜ್ಜಿಗೆ ಕಳಿಸಿಬಿಟ್ಟಳು. ಅಜ್ಜಿ ವಾಪಸ್ ಕಳಿಸಿದ್ದು ನಾಲ್ಕು ನಿಮಿಷದ ಮೆಸೇಜು. ಮೊದಲು ಹೊಗಳಿಕೆ, ಆಮೇಲೆ “ಅದು ಬೆಳೆ ಅಲ್ಲ ಮಗಾ, ಬೇಳೆ” ಅಂತ ತಿದ್ದುಪಡಿ, ಆಮೇಲೆ ಮನೆಯ ದನದ ಸುದ್ದಿ. ಮರುದಿನ ಆ ಹುಡುಗಿ ಯಾರೂ ಹೇಳದೆ ಇನ್ನೆರಡು ಓದಿ ಕಳಿಸಿದಳು. ನನಗೆ ತಲೆಗೆ ಹೊಡೆದ ಹಾಗಾಯಿತು. ನಾನು ಇಷ್ಟು ದಿನ ಪಾಠ ತಿದ್ದಿ ತಿದ್ದಿ ಸಾಯುತ್ತಿದ್ದೆ, ತಿದ್ದಬೇಕಾದ್ದು ಕೇಳೋರು ಯಾರು ಅನ್ನೋದನ್ನ.

ಈಗ ನಿಯಮ ಸರಳ. ಸೇರುವಾಗಲೇ ಊರಿನ ಒಬ್ಬರ ನಂಬರ್ ಕೊಡಬೇಕು. ಅಜ್ಜ, ಅಜ್ಜಿ, ದೊಡ್ಡಮ್ಮ, ಯಾರಾದರೂ ಸರಿ, ಕನ್ನಡ ಓದಲು ಬರಬೇಕು, ಪುರುಸೊತ್ತು ಇರಬೇಕು. ಪಾಠದ ಹಾಳೆ ಅವರಿಗೂ ಹೋಗುತ್ತೆ, ಮಗುವಿನ ಓದು ಮೊದಲು ಅವರಿಗೆ, ಆಮೇಲೆ ನನಗೆ. ಫೀ 900, ಜೊತೆಗೆ 600 ಠೇವಣಿ. 36 ಓದಿನಲ್ಲಿ 30 ಕಳಿಸಿದರೆ ಠೇವಣಿ ವಾಪಸ್. ಈ 600ರ ಬಿಸಿ ಮಕ್ಕಳಿಗಲ್ಲ, ಅಮ್ಮಂದಿರಿಗೆ. ಇದಕ್ಕಿಂತ ಜಾಸ್ತಿ ಹೇಳೋಲ್ಲ.

ಪಾಠದ ಕ್ರಮಕ್ಕೆ ಬರೋಣ. ಅ ಆ ಇ ಈ ಬೇಡ. ರ ಗ ಸ ದ ಅ ಇಂದ ಶುರು ಮಾಡಿ, ಮೊದಲ ವಾರವೇ ಸರ, ಅರಸ, ದಸರ, ಗರಗಸ ಓದಿಬಿಡುತ್ತಾರೆ. ಇದು ನನ್ನ ಬುದ್ಧಿಯಲ್ಲ, ಕರ್ನಾಟಕದ ಒಂದನೇ ತರಗತಿಯ ದಾರಿಯೇ. ನನ್ನದು ಇರೋದು ಮುಂದೆ. ನಮ್ಮ ಮಕ್ಕಳಿಗೆ ಮರಾಠಿ ಅಕ್ಷರ ಗೊತ್ತು, ಅದು ಅರ್ಧ ಲಾಭ, ಅರ್ಧ ಕಂಟಕ. ಳ ಸಲೀಸು, ಮರಾಠಿಯಲ್ಲೂ ಇದೆ. ಅರ್ಕಾವತ್ತು ಇನ್ನೂ ಸಲೀಸು, ಮರಾಠಿಯಲ್ಲಿ ಆ ಅರ್ಧ ರ ಅಕ್ಷರದ ತಲೆಮೇಲೆ ಬರುತ್ತೆ, ರಫಾರ್ ಅಂತಾರೆ. “ತಲೆಮೇಲಿನ ರಫಾರ್ ಪಕ್ಕಕ್ಕೆ ಇಳಿದು ಕೂತಿದೆ” ಅಂದರೆ ಮುಗಿಯಿತು. ಎ-ಏ, ಒ-ಓ ಮಾತ್ರ ಪ್ರಾಣ ತಿನ್ನುತ್ತೆ, ಅವರು ಬರೆಯೋ ಲಿಪಿಯಲ್ಲಿ ಆ ಗಿಡ್ಡ-ಉದ್ದದ ಭೇದವೇ ಇಲ್ಲ. ಬೆಳೆ-ಬೇಳೆ, ಕೊಡು-ಕೋಡು, ಮೊರೆ-ಮೋರೆಗೆ ಒಂದು ಪೂರ್ತಿ ವಾರ ಇಟ್ಟಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಒತ್ತಕ್ಷರ. ಮರಾಠಿಯಲ್ಲಿ ಮೊದಲು ಉಚ್ಚರಿಸೋ ಅಕ್ಷರ ಅರ್ಧ, ಆಮೇಲಿನದು ಪೂರ್ತಿ. ಕನ್ನಡದಲ್ಲಿ ಮೊದಲನೆಯದು ಮೇಲೆ ದೊಡ್ಡದಾಗಿ ಕೂರುತ್ತೆ, ಎರಡನೆಯದು ಚಿಕ್ಕದಾಗಿ ಕೆಳಗೆ. ಮಗು ಚಿಕ್ಕದನ್ನೇ ಅರ್ಧ ಅಕ್ಷರ ಅಂದುಕೊಂಡು ‘ಪುಸ್ತಕ’ವನ್ನು ‘ಪುತ್ಸಕ’ ಅಂತ ಓದುತ್ತೆ. ನಾನು ಎರಡು ಬ್ಯಾಚು ಇದನ್ನು ನಾಲಿಗೆ ತೊದಲು ಅಂದುಕೊಂಡಿದ್ದೆ, ದಡ್ಡಿ. ಇದನ್ನು ಎರಡೇ ದಿನದಲ್ಲಿ ಸರಿ ಮಾಡೋ ಒಂದು ಉಪಾಯ ಈಗ ನನ್ನ ಹತ್ತಿರ ಇದೆ, ಅದನ್ನು ಮಾತ್ರ ಇಲ್ಲಿ ಬರೆಯೋಲ್ಲ. ಒಂದು ಸುಳಿವು ಬೇಕಾದರೆ, ಚಪಾತಿ ಮಣೆ ಬೇಕಾಗುತ್ತೆ.

ನಡುವೆ ಸುಮ್ನೆ ಇನ್ನೊಂದು ಕೈ ನೋಡಿದೆ. ನಮ್ಮ ಪರಿಚಯದ ಹೋಟೆಲಿನ ಏಳು ಹುಡುಗರಿಗೆ ಇದೇ ಕೋರ್ಸನ್ನು ತಿರುಗಿಸಿ, ಕನ್ನಡದಿಂದ ಮರಾಠಿ ಅಕ್ಷರ. ಹಿಂದೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲ್ ಹುಡುಗರು ಕೆಲಸ ಮುಗಿಸಿ ಬಂದು ಕಲಿಯುತ್ತಿದ್ದರಲ್ಲ, ಅದೇ ನೆನಪಿನಲ್ಲಿ. ರಾತ್ರಿ ಹನ್ನೊಂದೂವರೆಗೆ ಪಾಠ ಕಳಿಸುತ್ತಿದ್ದೆ. ಮೂರು ವಾರಕ್ಕೆ ನಿಂತಿತು. ಊರಿನ ಅಜ್ಜಿಗೆ ಮರಾಠಿ ಬರೋಲ್ಲ, ಓದಿ ಕಳಿಸೋದು ಯಾರಿಗೆ? ಕ್ಯಾಷಿಯರ್ ಒಬ್ಬರನ್ನು ಕೇಳುಗರಾಗಿ ಮಾಡಿ ನೋಡಿದೆ, ಹುಡುಗರು ಇನ್ನೂ ಹೆದರಿದರು.

ಲೆಕ್ಕ ಹೇಳಿಬಿಡುತ್ತೇನೆ. ಮೂರನೇ ಬ್ಯಾಚಿನಲ್ಲಿ 22 ಮಕ್ಕಳು, ನಾಲ್ಕರಲ್ಲಿ 31, ಒಟ್ಟು 47 ಸಾವಿರದ ಚಿಲ್ಲರೆ ಬಂತು. ಜೆರಾಕ್ಸು, ಲ್ಯಾಮಿನೇಷನ್ನು, ಕೊರಿಯರ್ರು ಅಂತ ಆರೇಳು ಸಾವಿರ ಹೋಯಿತು. ಅಂದರೆ ಹಳೇ 41 ಈಗ ತಾನೇ ತೀರಿದೆ. ಮುಂದಿನ ಬ್ಯಾಚಿಗೆ ಫೀ 1,200 ಮಾಡೋಣ ಅಂತ ನಾನು, ಆ ದುಂಡನೆ ದೀಪ ಮೊದಲು ಮಾರು ಅಂತ ನಮ್ಮೆಜಮಾನರು.