“ತೊಂದರೆ ಇದೆಯಾ?” ಅಂತ ಕೇಳುವುದನ್ನು ಬಿಟ್ಟ ಮೇಲೆ

ಅಂಗನವಾಡಿ ಯೋಜನೆ ರಾಜ್ಯದಲ್ಲಿ ಮೊದಲು ಬಂದಿದ್ದು ನಮ್ಮ ತಿ. ನರಸೀಪುರ ತಾಲ್ಲೂಕಿಗೆ, 1975ರಲ್ಲಿ. ಇಲ್ಲಿನ ತಾಯಂದಿರಿಗೆ ಮಗುವಿನ ತೂಕ ನೋಡುವುದು ಹೊಸದಲ್ಲ. “ಈ ಸಲ ಕಮ್ಮಿ ಆಗದೆ ಅಲ್ವಾ ಟೀಚರ್” ಅಂತ ಅವರೇ ಹೇಳುತ್ತಾರೆ. ಆದರೆ ಹೆಸರು ಕರೆದರೆ ಮಗು ತಿರುಗುತ್ತದಾ, ಅತ್ತರೆ ಯಾರ ಮಡಿಲಲ್ಲಿ ಸಮಾಧಾನವಾಗುತ್ತದೆ, ಇವಕ್ಕೆ ತಕ್ಕಡಿ ಇಲ್ಲ.

ಮಗುವಿನ ಬೆಳವಣಿಗೆಯ ಬಗ್ಗೆ ಇಂಥ ಪ್ರಶ್ನೆಗಳಿಗೆ ಮೊದಲ ವರ್ಷ ಅಂಗನವಾಡಿ ಕಾರ್ಯಕರ್ತೆಯಾದ ನಾನೊಬ್ಬಳೇ ಕೂತು ಉತ್ತರ ಬರೆದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಕೇಂದ್ರದಲ್ಲಿ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. “ಮಾತಿಲ್ಲ, ಬೆರೆಯುವುದಿಲ್ಲ” ಎಂದು ಬರೆದಿಟ್ಟೆ. ಒಂದು ಸಂಜೆ ಅವರ ಬೀದಿಯಲ್ಲಿ ಹೋಗುವಾಗ ನೋಡಿದರೆ, ಜಗಲಿ ಮೇಲೆ ತಮ್ಮನನ್ನು ಕೈಕಟ್ಟಿ ಕೂರಿಸಿ, ನನ್ನ ಧ್ವನಿಯಲ್ಲೇ ಪದ್ಯ ಹೇಳಿಕೊಡುತ್ತಿದ್ದಳು! ಕೇಂದ್ರದಲ್ಲಿ ಸುಮ್ಮನಿರುವುದೂ ಗಮನಿಸಬೇಕಾದದ್ದೇ, ಆದರೆ ಅದು ಬೇರೆ ವಿಷಯ. ಅವಳ ಅಮ್ಮನನ್ನು ಒಂದು ಮಾತು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಮರುವರ್ಷ ಕೇಳಿದೆ. “ಮಗನಿಗೆ ಏನಾದ್ರೂ ತೊಂದರೆ ಇದೆಯಾ?” ಎಲ್ಲರದೂ ಒಂದೇ ಉತ್ತರ: “ಏನಿಲ್ಲ ಟೀಚರ್, ಚೆನ್ನಾಗವ್ನೆ.” ಪಕ್ಕದಲ್ಲಿ ಅತ್ತೆ, ಸುತ್ತ ಹತ್ತು ಜನ. ಯಾವ ತಾಯಿ ತಾನೇ ಬೇರೆ ಹೇಳಿಯಾಳು?

ಆಮೇಲೆ ಮನೆಗೇ ಹೋಗತೊಡಗಿದೆ. “ತೊಂದರೆ” ಅನ್ನುವ ಪದವನ್ನೇ ಬಿಟ್ಟೆ. ಎರಡೂಕಾಲು ವರ್ಷದ ಹುಡುಗನ ತಾಯಿಯನ್ನು, “ನಿನ್ನೆ ನೀನು ಕೂಲಿಯಿಂದ ಬಂದಾಗ ಏನು ಮಾಡ್ದ?” ಅಂತ ಕೇಳಿದೆ. “ನನ್ನ ಕೈ ಎಳ್ಕೊಂಡು ಹೋಗಿ ಬಿಸ್ಕತ್ ಡಬ್ಬಿ ಮೇಲಿಟ್ಟ. ಮುಖ ಮಾತ್ರ ನೋಡಲ್ಲ,” ಅಂದಳು. ಬೆರಳು ತೋರಿಸಿ ಕೇಳ್ತಾನಾ? ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಸೇರಿಸಿದಳು: “ಟ್ರ್ಯಾಕ್ಟರ್ ಸದ್ದಿಗೆ ಓಡ್ತಾನೆ, ನಾನು ಕರೆದ್ರೆ ತಿರುಗಲ್ಲ.”

ಅಜ್ಜಿ ಒಪ್ಪಲಿಲ್ಲ. “ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದು.” ನಾನು ವಾದ ಮಾಡಲಿಲ್ಲ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರೇ. “ಅಜ್ಜಿ, ಒಂದು ವಾರ ನೀವೇ ನೋಡಿ. ಕರೆದಾಗ ತಿರುಗಿದರೆ ಗೋಡೆ ಮೇಲೆ ಒಂದು ಗೆರೆ ಹಾಕಿ,” ಅಂದೆ. ವಾರ ಕಳೆದು ಹೋದಾಗ ಬಾಗಿಲ ಪಕ್ಕ ಇದ್ದಿಲಲ್ಲಿ ಎಳೆದ ಮೂರೇ ಗೆರೆಗಳಿದ್ದವು. ಅಜ್ಜಿಯೇ “ಡಾಕ್ಟರಿಗೆ ತೋರ್ಸಣ” ಅಂದರು.

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುವುದು ವರ್ಷಕ್ಕೆ ಎರಡು ಸಲ. ಅವರನ್ನು ಕಂಡೊಡನೆ ಈ ಹುಡುಗ ಕಿರುಚಿ ಮೂಲೆ ಸೇರಿದ. ಆ ಕೆಲವು ನಿಮಿಷದಲ್ಲಿ ಯಾವ ಡಾಕ್ಟರಿಗಾದರೂ ಏನು ಕಾಣಬೇಕು? ತಾಯಿ ಡಬ್ಬಿಯ ವಿಷಯ ಹೇಳಿದಳು, ಅಜ್ಜಿ ಗೆರೆಗಳ ಲೆಕ್ಕ ಹೇಳಿದರು. ಡಾಕ್ಟರ್ ಎರಡನ್ನೂ ಬರೆದುಕೊಂಡು ಮೈಸೂರಿಗೆ ಕಳಿಸಿದರು. ಮೊದಲು ಕಿವಿ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕೇಳಿಸದೆಯೂ ಇರಬಹುದಲ್ಲ? ಕಿವಿ ಸರಿಯಿತ್ತು. ಈಗ ಥೆರಪಿ ನಡೆದಿದೆ.

ಒಂದು ವಿಷಯದಲ್ಲಿ ನಾನು ಬಿಗಿಯಾಗಿದ್ದೆ. ಯಾವ ಕಾಯಿಲೆಯ ಹೆಸರನ್ನೂ ಬಾಯಿಂದ ಹೊರಡಿಸಲಿಲ್ಲ. ನಮ್ಮದು ಜರಡಿ ಹಿಡಿಯುವ ಕೆಲಸ, ಹೆಸರಿಡುವವರು ಡಾಕ್ಟರು.

ಅಪ್ಪಂದಿರು ಮಾತ್ರ ಇನ್ನೂ ಕೈಗೆ ಸಿಗುವುದಿಲ್ಲ. ಅದಕ್ಕೇ ಭಾನುವಾರ ಒಂದೆರಡು ಮನೆಗೆ ಹೋಗಿ ಬರುತ್ತೇನೆ. ಆದರೆ ಈ ಹುಡುಗನ ಅಪ್ಪ ಮಗನನ್ನು ಬೈಕಿನಲ್ಲಿ ಥೆರಪಿಗೆ ಕರೆದೊಯ್ಯುತ್ತಾರೆ. ಗೋಡೆ ಮೇಲಿನ ಗೆರೆ ಹಾಕುವುದೂ ಈಗ ಅವರೇ.