ಬೋರ್ಡಿನ ಮುಂದೆ ಕೂರುವವರಿಗೆ: ಲೈನ್ ಕೊಡುವ ಕೆಲಸ

ಚಿಕ್ಕಮಗಳೂರಿನ ಆಸ್ಪತ್ರೆ, ಕಾಫಿ ಕ್ಯೂರಿಂಗ್ ವರ್ಕ್ಸ್, ರೆಸಾರ್ಟುಗಳಲ್ಲಿ ಇವತ್ತಿಗೂ ಮುಂಬಾಗಿಲ ಮೇಜಿನ ಮೇಲೆ ಇಪಿಎಬಿಎಕ್ಸ್ ಬೋರ್ಡು, ಅಂದರೆ ಹೊರಗಿನ ಕರೆಗಳನ್ನು ಒಳಗಿನ ಫೋನುಗಳಿಗೆ ಜೋಡಿಸುವ ಪೆಟ್ಟಿಗೆ, ಕಾಣುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅದರ ಗುಂಡಿಗಳನ್ನು ಅರ್ಧ ಗಂಟೆಯಲ್ಲಿ ತೋರಿಸಿ ಮುಗಿಸುತ್ತಾರೆ. ಬಂದ ಕರೆಯನ್ನು ಕೈ ತಪ್ಪದಂತೆ ದಾಟಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಅದನ್ನು ಕಾರ್ಡ್, ಅಂದರೆ ಪ್ಲಗ್ ಇರುವ ವೈರು, ಚುಚ್ಚಿ ಕರೆ ಜೋಡಿಸುತ್ತಿದ್ದ ಹಳೆಯ ಬೋರ್ಡಿನಿಂದಲೇ ಕಲಿಯಬೇಕು. ಮ್ಯಾಗ್ನೆಟೊ ಫೋನಿನ ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆ ನಂಬರಿನ ಪುಟ್ಟ ಮುಚ್ಚಳ ಕೆಳಗೆ ಬೀಳುತ್ತಿತ್ತು. ಆಪರೇಟರು ಜೋಡಿ ಕಾರ್ಡಿನ ಒಂದು ಪ್ಲಗ್ಗನ್ನು ಅಲ್ಲಿಗೆ ಚುಚ್ಚಿ ‘ನಂಬರ್ ಪ್ಲೀಸ್’ ಎನ್ನುತ್ತಿದ್ದರು. ಇನ್ನೊಂದು ಪ್ಲಗ್ಗನ್ನು ಬೇಕಾದ ಜ್ಯಾಕಿಗೆ ಚುಚ್ಚಿ, ಬೆಲ್ ಕೊಟ್ಟು, ಆ ಕಡೆ ‘ಹಲೋ’ ಕೇಳಿದ ಮೇಲೆಯೇ ತಾವು ಕೇಳಿಸಿಕೊಳ್ಳಲು ಒತ್ತಿದ್ದ ಕೀ ಬಿಡುತ್ತಿದ್ದರು. ಇಪಿಎಬಿಎಕ್ಸಿನಲ್ಲೂ ಕ್ರಮ ಅದೇ. ಫ್ಲ್ಯಾಶ್ ಒತ್ತಿ, ಎಕ್ಸ್‌ಟೆನ್ಷನ್ (ಒಳಗಿನ ಫೋನಿನ) ನಂಬರ್ ಒತ್ತಿ, ಅವರು ಎತ್ತುವವರೆಗೆ ಕಾಯಿರಿ. ‘ಬೇಲೂರಿಂದ ಕರೆ ಇದೆ ಸರ್, ಬಿಲ್ಲಿನ ವಿಷಯವಂತೆ’ ಎಂದು ಹೇಳಿ, ಆಮೇಲೆ ನಿಮ್ಮ ರಿಸೀವರ್ ಇಡಿ. ಎತ್ತದಿದ್ದರೆ ಮತ್ತೆ ಫ್ಲ್ಯಾಶ್ ಒತ್ತಿ. ಹೊರಗಿನವರು ನಿಮ್ಮ ಬಳಿಗೇ ಬರುತ್ತಾರೆ. ರಿಂಗ್ ಹೋಗುತ್ತಿದೆ ಎಂದು ನಡುವೆಯೇ ಇಟ್ಟುಬಿಟ್ಟರೆ ಖಾಲಿ ಕೋಣೆಯಲ್ಲಿ ಫೋನ್ ಬಡಿದುಕೊಳ್ಳುತ್ತಿರುತ್ತದೆ, ಆ ಕಡೆಯವರು ಬೈದು ಇಡುತ್ತಾರೆ. ಫ್ಲ್ಯಾಶ್ ಗುಂಡಿ ಇಲ್ಲದ ಫೋನಿನಲ್ಲಿ ರಿಸೀವರ್ ಇಡುವ ಜಾಗದ ಹುಕ್ಕನ್ನು ಅರ್ಧ ಸೆಕೆಂಡಿನಷ್ಟು ಮಾತ್ರ ತಟ್ಟಿ. ಹೆಚ್ಚು ಹೊತ್ತು ಒತ್ತಿದರೆ ಫೋನ್ ಇಟ್ಟರೆಂದು ಬೋರ್ಡು ತಿಳಿದು ಲೈನ್ ಕಡಿಯುತ್ತದೆ.

‘ಯಾರು ಮಾತಾಡೋದು?’ ಎಂದು ಕೇಳಬೇಡಿ, ಜಗಳ ಶುರುವಾಗುವುದೇ ಅಲ್ಲಿ. ‘ಯಾರು ಅಂತ ಹೇಳ್ಲಿ ಸರ್?’ ಅನ್ನಿ. ಗೌಡರು ಎಂದಷ್ಟೇ ಉತ್ತರ ಬಂದರೆ ಈ ಸೀಮೆಯಲ್ಲಿ ಏನೂ ತಿಳಿದಂತಾಗಲಿಲ್ಲ. ಯಾವ ಊರು ಅಥವಾ ಯಾವ ತೋಟ ಎಂದು ಕೇಳಿಕೊಳ್ಳಿ.

ನಂಬರ್ ಬರೆದುಕೊಳ್ಳುವಾಗ ಎಪ್ಪತ್ತು, ಎಂಬತ್ತು, ತೊಂಬತ್ತು ಒಂದೇ ತರಹ ಕೇಳಿಸುತ್ತವೆ. ಅದಕ್ಕೇ ಬಿಡಿ ಬಿಡಿ ಅಂಕಿ ಹೇಳಿಸಿ: ‘ಎಂಟು, ಸೊನ್ನೆ’. ಡಬಲ್, ಟ್ರಿಪಲ್ ಎಂದು ಅವರು ಹೇಳಿದ್ದನ್ನೂ ಬಿಡಿಸಿ ವಾಪಸ್ ಓದಿ.

ಹೊರಗೆ ಕರೆ ಮಾಡಿಕೊಡುವಾಗ ಎಡವುವುದು ಸೊನ್ನೆಯಲ್ಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಹತ್ತು ಅಂಕಿಯ ಮುಂದೆ 0 ಸೇರಿಸಲೇಬೇಕು. ನಿಮ್ಮ ಬೋರ್ಡಿನಲ್ಲಿ ಹೊರಲೈನ್ ಹಿಡಿಯುವುದೂ 0 ಆಗಿದ್ದರೆ ಎರಡು ಸೊನ್ನೆ ಒತ್ತಬೇಕಾಗುತ್ತದೆ: ಮೊದಲನೆಯದು ಒತ್ತಿ, ಡಯಲ್ ಟೋನ್ ಕೇಳಿ, ಆಮೇಲೆ ಎರಡನೆಯದು. ಎಸ್‌ಟಿಡಿ ಕೋಡುಗಳಲ್ಲಿ ಹಾಸನ 08172, ಸಕಲೇಶಪುರ 08173, ಮೂಡಿಗೆರೆ 08263, ಕಡೂರು 08267, ನಮ್ಮದು 08262. ಇವನ್ನು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿಡಿ. ಇದೇ ಕರೆಗೆ ಒಂದು ಕಾಲದಲ್ಲಿ 180ಕ್ಕೆ ಮಾಡಿ, ಆಪರೇಟರು ಜೋಡಿಸಿಕೊಡುವ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರದ ಮೆಟ್ಟಿಲುಗಳು. ಇಂಥವರೇ ಬೇಕೆಂದರೆ ಪಿಪಿ ಕಾಲ್. ಮೂರು ನಿಮಿಷವಾದರೆ ನಡುವೆ ಬಂದು ಎಚ್ಚರಿಸುವ ದನಿ. ಆಪರೇಟರಿಲ್ಲದೆ ನೇರವಾಗಿ ದೂರದೂರಿಗೆ ಡಯಲ್ ಮಾಡುವ ಎಸ್‌ಟಿಡಿ ದೇಶದಲ್ಲಿ ಮೊದಲು 1960ರಲ್ಲಿ ಕಾನ್ಪುರ–ಲಖನೌ ನಡುವೆ ಬಂತು. ಹಳ್ಳಿಗಳಿಗೆ ಆಪರೇಟರಿಲ್ಲದ ಡಿಜಿಟಲ್ ಎಕ್ಸ್‌ಚೇಂಜ್ ಹೊರಟಿದ್ದು ನಮ್ಮದೇ ರಾಜ್ಯದ ಕಿತ್ತೂರಿನಿಂದ, 1986ರಲ್ಲಿ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಪೆಟ್ಟಿಗೆ ಅದು.

ಇನ್ನು ಕೆಡುವುದರ ಮಾತು. ಮಲೆನಾಡಿನಲ್ಲಿ ಅರ್ಧ ಕೆಲಸ ಇದೇ.

ಒಂದು ಎಕ್ಸ್‌ಟೆನ್ಷನ್ ಡೆಡ್ ಆದರೆ ಮೊದಲು ಆ ಕೋಣೆಗೆ ಬೇರೆ ಫೋನ್ ಹಾಕಿ ನೋಡಿ. ಆಗದಿದ್ದರೆ ಬೋರ್ಡಿನ ಪಕ್ಕದ ಕ್ರೋನ್ ಪಟ್ಟಿಯಲ್ಲಿ (ಎಲ್ಲ ಕೋಣೆಗಳ ತಂತಿ ಬಂದು ಸೇರುವ ಪಟ್ಟಿ) ಆ ಜೋಡಿ ತಂತಿಗೆ ಮೀಟರ್ ಹಿಡಿಯಿರಿ, ಡಿಸಿಯಲ್ಲಿ. ಫೋನ್ ಇಟ್ಟಿದ್ದಾಗ ಸುಮಾರು 48 ವೋಲ್ಟ್ ಬರಬೇಕು, ಸಣ್ಣ ಬೋರ್ಡುಗಳಲ್ಲಿ ಇನ್ನೂ ಕಡಿಮೆ. ಪಟ್ಟಿಯಲ್ಲಿ ವೋಲ್ಟ್ ಇದ್ದು ಕೋಣೆಯಲ್ಲಿ ಇಲ್ಲದಿದ್ದರೆ ನಡುವಿನ ತಂತಿ ಹೋಗಿದೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಬೋರ್ಡಿನೊಳಗಿನ ಸರ್ಕ್ಯೂಟ್ ಕಾರ್ಡಿನಲ್ಲಿ ಆ ಲೈನಿನ ಪೋರ್ಟ್ ಸತ್ತಿರಬಹುದು. ಬರಿಗೈಯಲ್ಲಿ ತಂತಿ ಹಿಡಿದಿರುವಾಗ ಯಾರಾದರೂ ರಿಂಗ್ ಮಾಡಿದರೆ 75 ವೋಲ್ಟ್ ಎಸಿ ಚುರುಕ್ಕೆನ್ನಿಸುತ್ತದೆ, ಎಚ್ಚರ. ಮಳೆಗಾಲದಲ್ಲಿ ಮಾತಿನ ಹಿಂದೆ ಕರಕರ ಸದ್ದು ಬಂದರೆ ಜಾಯಿಂಟಿಗೆ ನೀರು ಇಳಿದಿದೆ ಎಂದೇ ಅರ್ಥ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಜುಲೈ ದಾಟುವುದಿಲ್ಲ. ಜೆಲ್ ತುಂಬಿದ ಕನೆಕ್ಟರ್ ಹಾಕಿಸಿ.

ಫೈಬರ್ ಬಂದ ಮೇಲೆ ತೊಂದರೆಯ ಜಾಗ ಬದಲಾಗಿದೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯೇ ವಿದ್ಯುತ್ ಕೊಡುತ್ತಿತ್ತು, ಊರಿಗೆ ಊರೇ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಈಗ ಫೈಬರ್ ಬಂದು ಸೇರುವ ಗೋಡೆಯ ಒಎನ್‌ಟಿ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೆ ಲ್ಯಾಂಡ್‌ಲೈನೂ ಇಲ್ಲ. ಬೋರ್ಡಿಗೆ ಮಾತ್ರ ಯುಪಿಎಸ್ ಕೊಟ್ಟು ಒಎನ್‌ಟಿಯನ್ನು ಮರೆಯುವುದು ಎಲ್ಲ ಕಡೆ ಆಗುವ ತಪ್ಪು. ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಬೆಳಕು ಒಳಗೆ ಬರುತ್ತಿಲ್ಲ: ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡಾಗಿರಬಹುದು, ಇಲ್ಲವೇ ಯಾರೋ ಮೇಜು ಸರಿಸಿ ಮಡಚಿರಬಹುದು. ಅದನ್ನು ತಾಮ್ರದ ಹಾಗೆ ಹೊಸೆಯಲಾಗದು, ಸ್ಪ್ಲೈಸಿಂಗ್ ಯಂತ್ರದವರೇ ಬರಬೇಕು.

ಇನ್ನೊಂದು ಕಾಟ: ಹೊರಗಿನವರು ಇಟ್ಟ ಮೇಲೂ ಬೋರ್ಡಿನಲ್ಲಿ ಆ ಲೈನಿನ ದೀಪ ಆರುವುದಿಲ್ಲ, ಮುಂದಿನವರಿಗೆಲ್ಲ ಎಂಗೇಜ್ ಕೇಳಿಸುತ್ತದೆ. ಕರೆ ಮುಗಿದ ಸದ್ದನ್ನು ಬೋರ್ಡು ಗುರುತಿಸದಿದ್ದರೆ ಹೀಗಾಗುತ್ತದೆ. ಪ್ರೋಗ್ರಾಮಿಂಗ್‌ನಲ್ಲಿ ಎಂಗೇಜ್ ಟೋನನ್ನು ಇಲ್ಲಿನ ಲೆಕ್ಕಕ್ಕೆ, ಅಂದರೆ 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನಕ್ಕೆ ಹೊಂದಿಸಲು ಮೆಕ್ಯಾನಿಕ್‌ಗೆ ಹೇಳಿ. ಅವರು ಬರುವವರೆಗೆ ಆ ಲೈನನ್ನು ಬೋರ್ಡಿನಿಂದ ಕಿತ್ತು ಮತ್ತೆ ಚುಚ್ಚಿದರೆ ಬಿಡುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲು ಅರ್ತಿಂಗ್ ಅಳೆಸಿ, 5 ಓಮಿಗಿಂತ ಕಡಿಮೆ ಇರಲಿ. ದೂರದ ಕಾಟೇಜುಗಳಿಗೆ ಹೊರಗಿನಿಂದ ಎಳೆದ ಪ್ರತಿ ಜೋಡಿಗೂ ಸರ್ಜ್ ಅರೆಸ್ಟರ್, ಅಂದರೆ ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸಾಧನ, ಬೇಕು. ಸಿಡಿಲಿನ ಹೊಡೆತ ಬೋರ್ಡಿಗೆ ಬರುವುದು ಹೆಚ್ಚಾಗಿ ಆ ತಂತಿಗಳಿಂದಲೇ. ರಾತ್ರಿ ಸಿಡಿಲು ಜೋರಾದರೆ ಆ ಜೋಡಿಗಳನ್ನು ಪಟ್ಟಿಯಿಂದ ಬಿಡಿಸಿಟ್ಟು, ಯಾವ ಯಾವ ಕಾಟೇಜು ಎಂದು ಬೆಳಗಿನ ಪಾಳಿಯವರಿಗೆ ಪುಸ್ತಕದಲ್ಲಿ ಬರೆದಿಡಿ.