ಇಂಟರ್ನ್‌ಗಳ ಪರಿಚಯ ನಾನು ಮಾಡಿಸುವುದಿಲ್ಲ, ಆಶಾ ಅಕ್ಕ ಮಾಡಿಸುತ್ತಾರೆ

ಹೋದ ಬ್ಯಾಚಿನ ಆರು ಇಂಟರ್ನ್‌ಗಳಲ್ಲಿ ಒಬ್ಬರೂ ಮಧ್ಯದಲ್ಲಿ ಬಿಟ್ಟು ಹೋಗಲಿಲ್ಲ. ಶಿಡ್ಲಘಟ್ಟ ಕಡೆಯ ನಮ್ಮ ಒಂಬತ್ತು ಹಳ್ಳಿಗಳಲ್ಲಿ ಹೀಗಾಗಿದ್ದು ಇದೇ ಮೊದಲು. "ಓರಿಯಂಟೇಷನ್ ಇಲ್ಲದೆ ಮಕ್ಕಳನ್ನ ಫೀಲ್ಡಿಗೆ ಬಿಡ್ತೀರಾ?" ಅಂತ ಕಾಲೇಜಿನ ಮೇಷ್ಟ್ರು ಕೇಳಿದ್ದರು. ನಮ್ಮ ಟ್ರಸ್ಟಿನವರೂ ಕೇಳಿದ್ದರು. ಈಗ ಇಬ್ಬರೂ ಕೇಳುತ್ತಿಲ್ಲ. ನಮ್ಮದು ಸಂತಾನೋತ್ಪತ್ತಿ ಆರೋಗ್ಯದ ಕೆಲಸ. ಇಂಟರ್ನ್‌ಗಳಿಗೆ ಈಗ ಕೆಲಸ ಕಲಿಸುವವರು ಆಶಾ ಅಕ್ಕಂದಿರು, ಅಂದರೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. ಇದೇ ಕೆಲಸ ಮಾಡುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಾವೂ ಎಲ್ಲರ ಹಾಗೇ ಮಾಡುತ್ತಿದ್ದೆವು. ಚಿಕ್ಕಬಳ್ಳಾಪುರದಲ್ಲಿ ಒಂದು ಹಾಲ್, ಎರಡು ದಿನ ಪ್ರೊಜೆಕ್ಟರ್, ಊಟ, ಫೈಲು, ಬ್ಯಾಗು. ಒಂದು ಬ್ಯಾಚಿಗೆ 35–40 ಸಾವಿರ ಹೋಗುತ್ತಿತ್ತು. ಮೂರನೇ ದಿನ ಜೀಪಿನಲ್ಲಿ ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಂಗನವಾಡಿ ಮುಂದೆ ನಿಲ್ಲಿಸಿ, "ಇವರು ಬೆಂಗಳೂರಿಂದ ಬಂದಿದ್ದಾರೆ, ಎಂಎಸ್‌ಡಬ್ಲ್ಯೂ ಓದ್ತಿದ್ದಾರೆ" ಅಂತ ನಾನೇ ಪರಿಚಯ ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಮಾರನೇ ದಿನ ಅದೇ ಹುಡುಗಿ ಒಬ್ಬಳೇ ಹೋದರೆ ಕೂರು ಅನ್ನುವವರಿಲ್ಲ. ಒಂದು ಮನೆಯಲ್ಲಿ ಅತ್ತೆ, "ಏನಮ್ಮ, ಆಪರೇಷನ್‌ಗೆ ಕರ್ಕೊಂಡು ಹೋಗೋಕೆ ಬಂದ್ಯಾ? ನಮ್ಮ ಸೊಸೆಗೆ ಇನ್ನೂ ಒಂದೇ ಮಗು" ಅಂದು ಬಾಗಿಲಲ್ಲೇ ಕಳಿಸಿದರು. ಅವರದು ತಪ್ಪಲ್ಲ. ನಮ್ಮ ಕಡೆ ಕುಟುಂಬ ಯೋಜನೆ ಅಂದರೆ ಹೆಂಗಸರ ಆಪರೇಷನ್, ಅಷ್ಟೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೂ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದನ್ನೇ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ.

ಆ ವರ್ಷ ಇನ್ನೊಂದು ಆಯಿತು. ಬರೆಯಲು ಈಗಲೂ ಸಂಕಟವಾಗುತ್ತದೆ. ಗರ್ಭ ನಿಲ್ಲದ ಹಾಗೆ ಕೊಡುವ ಅಂತರ ಇಂಜೆಕ್ಷನ್ ತೆಗೆದುಕೊಂಡ ಒಬ್ಬ ಹೆಂಗಸಿನ ಕೈಗೆ ಕಾರ್ಡ್ ಕೊಟ್ಟು, ನಮ್ಮ ಇಂಟರ್ನ್ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಮುಖ ಇರಲಿಲ್ಲ. ಬಳೆ ಇತ್ತು, ಹಿಂದೆ ನೀಲಿ ಬಾಗಿಲು ಇತ್ತು. ಆ ಬಾಗಿಲು ಯಾರ ಮನೆಯದು ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ? ನಾದಿನಿಯ ಫೋನಿನಲ್ಲಿ ನಮ್ಮ ಹುಡುಗಿಯ ನಂಬರ್ ಇತ್ತು. ಸಂಜೆ ಅವರಿಗೆ ಗೊತ್ತಾಯಿತು, ರಾತ್ರಿ ಗಂಡನಿಗೆ. ಆಕೆ ಮನೆಯಲ್ಲಿ ಹೇಳದೆ ಇಂಜೆಕ್ಷನ್ ತೆಗೆದುಕೊಂಡಿದ್ದರು. ಎರಡು ಸಲ ಹೋಗಿ ಕ್ಷಮೆ ಕೇಳಿದೆ. ಎಂಟು ತಿಂಗಳು ಆ ಬೀದಿಯಲ್ಲಿ ಯಾರೂ ನಮ್ಮನ್ನು ಮಾತಾಡಿಸಲಿಲ್ಲ. ನಮ್ಮ ತರಬೇತಿಯಲ್ಲಿ ಗುಟ್ಟು ಕಾಯುವ ಬಗ್ಗೆ ಒಂದು ಸ್ಲೈಡ್ ಇತ್ತು. ಆ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದಳು.

ಆಮೇಲೆ ಹಾಲ್ ಬಿಟ್ಟೆ. ಮೊದಲ ಹತ್ತು ದಿನ ಒಬ್ಬ ಇಂಟರ್ನ್, ಒಬ್ಬ ಆಶಾ ಅಕ್ಕ. ಅವರು ಹೋದಲ್ಲೆಲ್ಲ ಹೋಗಬೇಕು. ಸಲಹೆ ಕೊಡುವ ಹಾಗಿಲ್ಲ. ಫಾರಂ ತುಂಬಿಸುವ ಹಾಗಿಲ್ಲ. ಫೋನ್ ಬ್ಯಾಗಿನಿಂದ ಹೊರಗೆ ಬರುವ ಹಾಗಿಲ್ಲ. ಹತ್ತನೇ ದಿನ ಆಶಾ ಅಕ್ಕ ನಮ್ಮ ಆಫೀಸಿಗೆ ಬಂದು, ಆ ಹುಡುಗಿಯನ್ನು ನಮಗೆ ಪರಿಚಯ ಮಾಡಿಸುತ್ತಾರೆ. ಇವಳಿಗೆ ಏನು ಬರುತ್ತೆ, ಯಾವ ಮನೆಗೆ ಒಬ್ಬಳನ್ನೇ ಕಳಿಸಬಹುದು, ಯಾವ ಮನೆಗೆ ಈಗಲೇ ಬೇಡ, ಎಲ್ಲ ಅವರೇ ಹೇಳುತ್ತಾರೆ. ಊರಿನವರಿಗೆ ಪರಿಚಯ ಹೇಳುವುದೂ ಅವರೇ.

ಮೊದಲ ಸಲ ಇದೂ ಕೆಟ್ಟಿತು. ಆಶಾ ಅಕ್ಕನಿಗೆ ನಾವು ಏನೂ ಕೊಟ್ಟಿರಲಿಲ್ಲ. ನಾಲ್ಕನೇ ದಿನ ಒಬ್ಬರು ಫೋನ್ ಮಾಡಿ, "ಮೇಡಂ, ನಾನು ಸರ್ವೆ ಮಾಡಲಾ, ಈ ಹುಡುಗಿನ ಕಾಯಲಾ?" ಅಂದರು. ಸರಿಯಾದ ಮಾತು. ಅವರದು ಸಂಬಳದ ಕೆಲಸ ಅಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅವರ ಹೊತ್ತನ್ನು ನಾವು ಸುಮ್ನೆ ತೆಗೆದುಕೊಳ್ಳುವುದು ಹೇಗೆ? ದಿನಕ್ಕೆ 200 ರೂಪಾಯಿ ಕೊಡೋಣ ಅಂದೆ. "ಸರ್ಕಾರ ಕೊಡುತ್ತಲ್ಲ" ಅಂತ ಟ್ರಸ್ಟಿನಲ್ಲಿ ಎರಡು ಮೀಟಿಂಗ್ ವಾದ ನಡೆಯಿತು. ಲೆಕ್ಕ ಹಾಕಿ ತೋರಿಸಿದೆ. ಆರು ಜನಕ್ಕೆ ಹತ್ತು ದಿನ, 12 ಸಾವಿರ. ಬಸ್ಸು, ಊಟ 4–5 ಸಾವಿರ. ಹಾಲ್ ತರಬೇತಿಯ ಖರ್ಚಿನ ಅರ್ಧವೂ ಆಗಲಿಲ್ಲ. ವೈದ್ಯಾಧಿಕಾರಿಗಳ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಂಡಿದ್ದೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಶುರು ಯಾವಾಗಲೂ ಗುರುವಾರ, ಲಸಿಕೆಯ ದಿನ. ಹೋದ ಸಲ ಒಬ್ಬ ಹುಡುಗಿ ಅಂಗನವಾಡಿಯ ಮೂಲೆಯಲ್ಲಿ ನಿಂತಿದ್ದಳು. ಚುಚ್ಚಿಸಿಕೊಂಡ ಮಗು ಕಿರುಚುತ್ತಿತ್ತು, ತಾಯಿ ಇನ್ನೊಂದು ಮಗುವನ್ನು ಹಿಡಿದುಕೊಂಡಿದ್ದರು. ಆಶಾ ಅಕ್ಕ ಕತ್ತೆತ್ತದೆ, "ತಗೊಳಮ್ಮ ಈ ಪಾಪನ್ನ" ಅಂದು ಅವಳ ತೋಳಿಗೆ ಕೊಟ್ಟರು. ಅವಳು ಅಂಗಳದಲ್ಲಿ ಓಡಾಡಿಸಿದಳು. ಮಗು ಅವಳ ದುಪಟ್ಟಾ ಬಾಯಿಗೆ ಇಟ್ಟುಕೊಂಡು ಸುಮ್ಮನಾಯಿತು. ಅವತ್ತು ಮಧ್ಯಾಹ್ನ ಆ ತಾಯಿ ತಾವಾಗಿಯೇ ಇವಳ ಊರು, ಅಪ್ಪ ಅಮ್ಮ, ಎಲ್ಲ ವಿಚಾರಿಸಿದರು. ನಾನು ಹಾಲ್ ತರಬೇತಿಗೆ 40 ಸಾವಿರ ಸುರಿದರೂ ಇದು ಸಿಕ್ಕಿರಲಿಲ್ಲ.

ಶಿಡ್ಲಘಟ್ಟದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಮನೆ ಭೇಟಿಯ ಪಟ್ಟಿ ಕ್ಯಾಲೆಂಡರ್ ನೋಡಿ ಮಾಡಬೇಡಿ, ಮನೆಯಲ್ಲಿ ಸಾಕುವ ರೇಷ್ಮೆ ಹುಳ ನೋಡಿ ಮಾಡಿ. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳ ಹಗಲು ರಾತ್ರಿ ಸೊಪ್ಪು ಮೇಯುತ್ತದೆ. ಆಗ ಹೋದರೆ ಯಾರಿಗೂ ಬಿಡುವಿರುವುದಿಲ್ಲ. ಹುಳಕ್ಕೆ ರೋಗ ತಗಲೀತು ಅಂತ ಹೊರಗಿನವರನ್ನು ಒಳಗೆ ಬಿಡುವುದೂ ಇಲ್ಲ. ಅದೇ ಹುಳ ಜ್ವರಕ್ಕೆ ಕೂತಾಗ ಸುಮಾರು ಒಂದು ದಿನ ಮೇಯುವುದಿಲ್ಲ. ಹೆಂಗಸರು ಜಗಲಿ ಮೇಲೆ ಕೂತಿರುತ್ತಾರೆ. ಅವತ್ತು ಹೋಗಬೇಕು. ಯಾವ ಮನೆಯಲ್ಲಿ ಎಷ್ಟನೇ ಜ್ವರ ಅನ್ನುವುದು ಆಶಾ ಅಕ್ಕನ ಬಾಯಲ್ಲೇ ಇರುತ್ತದೆ. ಕೆಲವು ಮನೆಗಳಲ್ಲಿ ಮುಟ್ಟಾದವರು ಹುಳದ ಮನೆಗೆ ಹೋಗುವಂತಿಲ್ಲ. ಜಗಲಿಯ ಮಾತು ಅಲ್ಲಿಂದಲೇ ಶುರುವಾಗಿ ಮುಟ್ಟು, ಬಿಳಿ ಸೆರಗು, ಗರ್ಭಕೋಶ ಎಲ್ಲಕ್ಕೂ ಹೋಗುತ್ತದೆ.

ಮಾತು ಕಲಿಯುವುದೂ ಹಾಗೇ. ಕಾಪರ್-ಟಿ (ಗರ್ಭಕೋಶದಲ್ಲಿ ಇಡುವ ಗರ್ಭನಿರೋಧಕ) ಅಂದರೆ ಮುಖ ನೋಡುತ್ತಿದ್ದ ಅಜ್ಜಿ, "ವಂಕಿ" ಅಂದ ತಕ್ಷಣ, "ಓ, ನಮ್ಮ ಕಾಲದ್ದು!" ಅಂದರು. ಛಾಯಾ ಅನ್ನುವ ಗರ್ಭನಿರೋಧಕ ಮಾತ್ರೆಯನ್ನು ದಿನಾ ನುಂಗಬೇಕು ಅಂತ ಒಬ್ಬಳ ಬಾಯಿಂದ ಬಂದುಬಿಟ್ಟಿತ್ತು. ಆಶಾ ಅಕ್ಕ ಅಲ್ಲೇ ತಿದ್ದಿದರು: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಸಲಹೆ ಕೊಡಬೇಡಿ ಅಂತ ನಾನು ಹೇಳುವುದು ಯಾಕೆ ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಹುಡುಗರನ್ನು ಏನು ಮಾಡುವುದು ಅನ್ನುವುದು ಬೇರೆ ಕಥೆ. ಒಬ್ಬನನ್ನು ಬೆಳಗ್ಗೆ ಹೊತ್ತು ಕಟಿಂಗ್ ಶಾಪಿನಲ್ಲಿ ಕೂರಿಸಿ ನೋಡಿದೆ. ಒಂದು ವಾರ ಬರೀ ಟೊಮೆಟೊ ರೇಟಿನ ಮಾತು. ಎರಡನೇ ವಾರ ಒಬ್ಬರು, "ಗಂಡಸು ಆಪರೇಷನ್ ಮಾಡಿಸ್ಕೊಂಡ್ರೆ ಮೂಟೆ ಎತ್ತೋಕಾಗಲ್ವಂತಲ್ಲ?" ಅಂತ ಕೇಳಿದರು. ಹಾಗೇನಿಲ್ಲ, ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು ಅಂತ ಅವನು ಹೇಳಿದ. ಇಬ್ಬರು ವಿಳಾಸ ಕೇಳಿಕೊಂಡು ಹೋದರು. ಆಸ್ಪತ್ರೆವರೆಗೆ ಯಾರೂ ಬರಲಿಲ್ಲ. ಅಂಗಡಿ ಬದಲಿಸಿ ಇನ್ನೊಮ್ಮೆ ಮಾಡಬೇಕು ಅಂತಿದ್ದೇನೆ.

ಯಾವ ಹುಡುಗಿಯನ್ನು ಯಾವ ಆಶಾ ಅಕ್ಕನ ಜೊತೆ ಹಾಕಬೇಕು ಅಂತ ತಿಳಿಯಲು ಮೊದಲ ದಿನ ಊಟದ ಹೊತ್ತಿಗೆ ನಾನು ಒಂದು ಕೆಲಸ ಮಾಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರು ಓದಿಬಿಟ್ಟರೆ ನಡೆಯುವುದಿಲ್ಲ.

ಮೊದಲೆಲ್ಲ ಆರರಲ್ಲಿ ಇಬ್ಬರು ಮೂವರು ತಿಂಗಳೊಳಗೆ ಬಿಡುತ್ತಿದ್ದರು. ಈ ಸಲ ಒಬ್ಬೊಬ್ಬರೂ ಕೊನೆಗೆ 40ರ ಹತ್ತಿರ ಮನೆಗಳಿಗೆ ಒಬ್ಬರೇ ಹೋಗಿಬರುತ್ತಿದ್ದರು. ನೀಲಿ ಬಾಗಿಲಿನ ಮನೆಗೂ ಒಬ್ಬಳು ಹೋಗುತ್ತಾಳೆ. "ಸರ್ವೆ ಮಾಡಲಾ, ಕಾಯಲಾ" ಅಂದಿದ್ದ ಅಕ್ಕ ಮೊನ್ನೆ ಫೋನ್ ಮಾಡಿದ್ದರು. ದಸರಾ ಆದ ಮೇಲೆ ಬರುವ ಬ್ಯಾಚಿನಲ್ಲಿ ತೆಲುಗು ಬರುವ ಹುಡುಗಿ ಇದ್ದರೆ ತಮಗೇ ಕೊಡಬೇಕಂತೆ, ಆ ಕಡೆ ಎರಡು ಬೀದಿ ಪೂರ್ತಿ ತೆಲುಗಿನವರು. ಬಾಗೇಪಲ್ಲಿಯ ಹುಡುಗಿ ಒಬ್ಬಳು ಇದ್ದಾಳೆ. ಅವರ ಹೆಸರಿನ ಮುಂದೆ ಬರೆದಿಟ್ಟಿದ್ದೇನೆ.